ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಅಭಿಮಾನಿಗಳ ಲೆಕ್ಕಾಚಾರ ಯಾಕೆ ತಲೆಕೆಳಗಾಗುತ್ತದೆ?

ಯಾವ ತಂಡ ಯಾರನ್ನು ಆರಿಸುತ್ತದೆಂದು ಮೊದಲೇ ಊಹಿಸಿ ಮಾಡಿದ ಪಟ್ಟಿಯಲ್ಲಿ ಒಂದು ಆಯ್ಕೆ ತಪ್ಪಿದರೆ ನಂತರದವೂ ಸಾಲಾಗಿ ತಪ್ಪುತ್ತವೆ, ಅದಕ್ಕೆ. ಡ್ರಾಫ್ಟ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಅವಕಾಶ. ಆದರೆ ಆ ಸರದಿಯನ್ನೇ ತಂಡಗಳು ಅದಲುಬದಲು ಮಾಡಿಕೊಳ್ಳಬಹುದು. 2025ರಲ್ಲಿ ಎರಡನೇ ಸರದಿ ಇದ್ದದ್ದು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ. ಐದನೆಯದಾಗಿದ್ದ ಜಾಕ್ಸನ್‌ವಿಲ್ ಜಾಗ್ವಾರ್ಸ್ ಅದಲುಬದಲು ಮಾಡಿ ಅದನ್ನು ಪಡೆದು ಟ್ರಾವಿಸ್ ಹಂಟರ್‌ನನ್ನು ಎತ್ತಿಕೊಂಡಿತು. ಎಷ್ಟೋ ಜನರ ಪಟ್ಟಿ ಅಲ್ಲೇ ಮುರಿದುಬಿತ್ತು.

ಇನ್ನೊಂದು, ತಂಡಗಳ ಕೈಯಲ್ಲಿರುವ ವೈದ್ಯಕೀಯ ವರದಿ, ಖಾಸಗಿ ಸಂದರ್ಶನ ನಮಗೆ ಕಾಣುವುದಿಲ್ಲ. ಅದೇ ವರ್ಷ ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಬಹಳ ಜನ ನಂಬಿದ್ದ ಶೆಡೂರ್ ಸ್ಯಾಂಡರ್ಸ್ ಐದನೇ ಸುತ್ತಿನವರೆಗೂ ಕಾದು, 144ನೆಯವನಾಗಿ ಆಯ್ಕೆಯಾದ. ಹಾಗಾಗಿ ಇಂಥವನು ಇಂಥ ತಂಡಕ್ಕೆ ಎನ್ನುವುದಕ್ಕಿಂತ, ಯಾವ ತಂಡಕ್ಕೆ ಯಾವ ಸ್ಥಾನದ ಆಟಗಾರ ಬೇಕು ಎಂದು ಊಹಿಸುವುದನ್ನೇ ನಾನು ಹೆಚ್ಚು ನಂಬುತ್ತೇನೆ.