ಮಂಜುಗಡ್ಡೆ ಹರಿಯುವುದು ಹೇಗೆ?

ಪ್ರಶ್ನೆ: ನಾವು ಬದಿಯಡ್ಕದವರು, ಮಂಜುಗಡ್ಡೆ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಕಲ್ಲಿನಂಥ ಅದು ಹರಿಯುವುದು ಹೇಗೆ? ಹರಿಯುವುದಾದರೆ ಹಿಮಾಲಯದ ಗಂಗೋತ್ರಿ ಹಿಮನದಿ (ಗ್ಲೇಸಿಯರ್) ಹಿಂದೆ ಸರಿಯುತ್ತಿದೆ ಅನ್ನುವುದು ಯಾಕೆ?

ಉತ್ತರ: ಜೋನಿಬೆಲ್ಲದ ಡಬ್ಬ ಓರೆ ಮಾಡಿ ನೋಡಿದ್ದೀರಲ್ವಾ? ಹಾಗೇ, ಆದರೆ ತುಂಬಾ ನಿಧಾನ. ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದೆ ಉಳಿದರೆ, ಅದರ ಮೇಲೆ ಮತ್ತೆ ಹಿಮ ಬಿದ್ದು, ಭಾರಕ್ಕೆ ಗಾಳಿ ಹೊರಟುಹೋಗಿ, ಹತ್ತಾರು ವರ್ಷಗಳಲ್ಲಿ ಗಟ್ಟಿ ಗಡ್ಡೆಯಾಗುತ್ತದೆ. ದಪ್ಪ ಸುಮಾರು 30 ಮೀಟರ್ ದಾಟಿದರೆ ಅಡಿಯ ಗಡ್ಡೆ ತನ್ನದೇ ಭಾರಕ್ಕೆ ಬಾಗಿ ಇಳಿಜಾರಿನತ್ತ ಹರಿಯುತ್ತದೆ. ತಳದಲ್ಲಿ ಕರಗಿದ ನೀರಿದ್ದರೆ ಜಾರುವುದೂ ಉಂಟು, ಪಾಚಿ ಹಿಡಿದ ಅಂಗಳದಲ್ಲಿ ನಾವು ಜಾರುವ ಹಾಗೆ.

ಇನ್ನು 'ಹಿಂದೆ ಸರಿಯುವುದು'. ಆ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಗಡ್ಡೆ ವಾಪಸ್ ಬೆಟ್ಟ ಹತ್ತುವುದಿಲ್ಲ, ಕೆಳಗೇ ಬರುತ್ತಿರುತ್ತದೆ. ಮೇಲಿನಿಂದ ಬರುವುದಕ್ಕಿಂತ ತುದಿಯಲ್ಲಿ ಕರಗುವುದು ಜಾಸ್ತಿಯಾದಾಗ ತುದಿಯಷ್ಟೇ ಮೇಲಕ್ಕೆ ಹೋಗುತ್ತದೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿಯ ತುದಿ, ಅಂದರೆ ಭಾಗೀರಥಿ ಹುಟ್ಟುವ ಗೋಮುಖ, 1935ರಿಂದೀಚೆಗೆ 1 ಕಿಲೋಮೀಟರಿಗಿಂತ ಹೆಚ್ಚು ಹಿಂದೆ ಹೋಗಿದೆ.