ಜೆಸ್ವಿಟ್ ಮಿಷನ್‌ಗಳಿಂದ ಪರಾಗ್ವೆಯ ಗ್ವಾರಾನಿ ಜನರಿಗೆ ಒಳಿತಾಯಿತೇ, ಕೆಡುಕಾಯಿತೇ?

ಎರಡೂ ಆಯಿತು. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು 1609ರಿಂದ ಕಟ್ಟತೊಡಗಿದ ಮಿಷನ್ ಊರುಗಳು, ಚದುರಿ ಬಾಳುತ್ತಿದ್ದ ಮೂಲನಿವಾಸಿಗಳಾದ ಗ್ವಾರಾನಿಗಳನ್ನು ಚರ್ಚಿನ ಸುತ್ತ ನೆಲೆಗೊಳಿಸಿ, ಸ್ಪ್ಯಾನಿಷ್ ವಲಸಿಗರು ಹೇರುತ್ತಿದ್ದ ಬಿಟ್ಟಿ ದುಡಿಮೆಯಿಂದಲೂ ಬ್ರೆಜಿಲ್‌ನ ಸಾವೊ ಪಾಲೊ ಕಡೆಯಿಂದ ಗುಲಾಮರನ್ನು ಹಿಡಿಯಲು ಬರುತ್ತಿದ್ದ ದಂಡುಗಳಿಂದಲೂ ಬಹುಮಟ್ಟಿಗೆ ಕಾಪಾಡಿದವು. 1641ರಲ್ಲಿ ಎಂಬೊರೊರೆಯಲ್ಲಿ ಅಂಥ ದಂಡೊಂದನ್ನು ಕಾದಾಡಿ ಸೋಲಿಸಿದವರು ಗ್ವಾರಾನಿಗಳೇ ಎಂಬುದನ್ನು ಮರೆಯಬಾರದು. ಆದರೆ ಒಂದೇ ಕಡೆ ಒತ್ತಾಗಿ ವಾಸಿಸಿದ್ದರಿಂದ ಸಿಡುಬು, ದಡಾರಗಳು ಮತ್ತೆಮತ್ತೆ ಸಾವಿರಾರು ಜನರನ್ನು ಬಲಿ ಪಡೆದವು, ಹಳೆಯ ಪೂಜಾರಿಗಳ ಅಧಿಕಾರವೂ ಕುಟುಂಬ ಪದ್ಧತಿಗಳೂ ಮುರಿದುಬಿದ್ದವು. ಈ ನಷ್ಟವನ್ನು ಹಗುರವಾಗಿ ಕಾಣಲು ನನಗೆ ಸಾಧ್ಯವಿಲ್ಲ. ಭಾಷೆಯ ವಿಷಯದಲ್ಲಿ ಮಾತ್ರ ಪಾದ್ರಿಗಳು ಗ್ವಾರಾನಿಯಲ್ಲೇ ಬೋಧಿಸಿದರು, ಅವರಲ್ಲೊಬ್ಬರಾದ ಮೊಂಟೋಯ ಎಂಬವರು 1639ರಲ್ಲಿ ಅದರ ದೊಡ್ಡ ನಿಘಂಟನ್ನೇ ಮುದ್ರಿಸಿದರು. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಹೊರಹಾಕಿದ ಮೇಲೆ ಆ ಊರುಗಳು ಕ್ರಮೇಣ ಕ್ಷೀಣಿಸಿದವು.