ಎಸಿ ರೂಮಿನಲ್ಲಿ ಕೂತವರಿಗೆ ಏನು ಕಷ್ಟ?

ಓದುಗರ ಪತ್ರ: ಅಮೆರಿಕದ ಡ್ರೋನ್ ಪೈಲಟ್‌ಗಳು ಒತ್ತಡ ತಾಳಲಾರದೆ ಕೆಲಸ ಬಿಡುತ್ತಾರೆ ಅಂತ ಕಳೆದ ಸಂಚಿಕೆಯ ಟಿಪ್ಪಣಿಯಲ್ಲಿ ಬರೆದಿದ್ದೀರಿ. ನಾನು ಇಪ್ಪತ್ತೆಂಟು ವರ್ಷ ಫೌಜಿನಲ್ಲಿದ್ದವನು. ದ್ರಾಸ್‌ನ ಚಳಿ ಕಂಡವನು. ಎಸಿ ರೂಮಿನಲ್ಲಿ ಕೂತು, ಗುಂಡಿನ ಸದ್ದೂ ಕೇಳದೆ, ಡ್ಯೂಟಿ ಮುಗಿಸಿ ಹೆಂಡತಿ ಮಕ್ಕಳ ಜೊತೆ ಊಟ ಮಾಡುವವರಿಗೆ ಏನು ಕಷ್ಟ? ಅವರ ಕ್ಷಿಪಣಿಗೆ ಸತ್ತವರನ್ನು ಬಿಟ್ಟು ಅವರ ತಲೆನೋವಿನ ಬಗ್ಗೆ ಯಾಕೆ ಬರೆಯುತ್ತೀರಿ? ನನ್ನ ಮೊಮ್ಮಗ ಬೇರೆ ಇಂಥದೇ ಕೆಲಸಕ್ಕೆ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ. ಅವನಿಗೆ ಏನು ಹೇಳಲಿ?
ನಿವೃತ್ತ ಸುಬೇದಾರ್, ಹಿರಿಯೂರು ತಾಲೂಕು

ಸಂಪಾದಕರ ಉತ್ತರ:

ಸುಬೇದಾರ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಮೆರಿಕದ ಮಾಜಿ ಸೈನಿಕರಿಗೂ ಇದೇ ಸಿಟ್ಟು ಬಂದಿತ್ತು. 2013ರ ಫೆಬ್ರುವರಿಯಲ್ಲಿ ಅಲ್ಲಿನ ರಕ್ಷಣಾ ಸಚಿವ ಲಿಯಾನ್ ಪನೆಟ್ಟಾ ಡ್ರೋನ್ ಮತ್ತು ಸೈಬರ್ ಕೆಲಸದವರಿಗೆ ಒಂದು ಹೊಸ ಪದಕ ಘೋಷಿಸಿದರು. ಅದಕ್ಕೆ ಕೊಟ್ಟ ಸ್ಥಾನ ಯುದ್ಧಭೂಮಿಯ ಸೇವೆಗೆ ಕೊಡುವ ಬ್ರಾಂಜ್ ಸ್ಟಾರ್ ಪದಕಕ್ಕಿಂತ ಮೇಲೆ. ಮಾಜಿ ಸೈನಿಕರ ಸಂಘಗಳು ರೊಚ್ಚಿಗೆದ್ದವು. ಆಮೇಲೆ ಬಂದ ಸಚಿವ ಚಕ್ ಹೇಗಲ್, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡಿದ್ದವರು, ಏಪ್ರಿಲ್‌ನಲ್ಲಿ ಆ ಪದಕವನ್ನೇ ರದ್ದು ಮಾಡಿದರು. ಸರಿಯಾದ ಕೆಲಸ ಮಾಡಿದರು ಅಂತಲೇ ನಾನೂ ಹೇಳುತ್ತೇನೆ. ಪ್ರಾಣ ಪಣಕ್ಕಿಟ್ಟವರ ಪದಕದ ಪಕ್ಕ ಇನ್ನೊಂದನ್ನು ಇಡಬಾರದು. ಧೈರ್ಯದ ವಿಚಾರದಲ್ಲಿ ನಿಮ್ಮ ಜೊತೆ ನನಗೆ ತಕರಾರಿಲ್ಲ.

ನಮ್ಮ ಟಿಪ್ಪಣಿ ಮಾತಾಡಿದ್ದು ಕೆಲಸದ ಬಗ್ಗೆ. ಅಲ್ಲಿ ಜಾಗ ಕಮ್ಮಿ ಇತ್ತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಾಸ್ ವೇಗಸ್‌ನಿಂದ 95ನೇ ಹೆದ್ದಾರಿ ಹಿಡಿದು ಸುಮಾರು 70 ಕಿಲೋಮೀಟರ್ ಹೋದರೆ ಇಂಡಿಯನ್ ಸ್ಪ್ರಿಂಗ್ಸ್ ಅನ್ನುವ ಪುಟ್ಟ ಊರು ಸಿಗುತ್ತದೆ. ಸುತ್ತ ಬರೀ ಮರುಭೂಮಿ. ಅಲ್ಲಿರುವ ಕ್ರೀಚ್ ವಾಯುನೆಲೆಯೇ ಅಮೆರಿಕದ ಪ್ರಿಡೇಟರ್ ಮತ್ತು ರೀಪರ್ ಡ್ರೋನ್‌ಗಳ ಮುಖ್ಯ ಕೇಂದ್ರ. ಪ್ರಿಡೇಟರ್ 2018ರಲ್ಲಿ ನಿವೃತ್ತಿಯಾಯಿತು, ಈಗಿರುವುದು ರೀಪರ್. ಹಡಗಿನಲ್ಲಿ ಸಾಮಾನು ಸಾಗಿಸುತ್ತಾರಲ್ಲ, ಹೆಚ್ಚುಕಮ್ಮಿ ಅಂಥ ಕಂಟೇನರ್ ಒಳಗೆ ಇವರ ಕೆಲಸ. ಕಿಟಕಿ ಇಲ್ಲ. ಎಡಗಡೆ ಕುರ್ಚಿಯಲ್ಲಿ ಪೈಲಟ್, ಬಲಗಡೆ ಕ್ಯಾಮೆರಾ ಮತ್ತು ಲೇಸರ್ ನೋಡಿಕೊಳ್ಳುವ ಸೆನ್ಸರ್ ಆಪರೇಟರ್. ಎದುರಿಗೆ ಸಾಲು ಸಾಲು ಪರದೆ. ಒಂದರಲ್ಲಿ ನಕ್ಷೆ, ಒಂದರಲ್ಲಿ ಇಂಧನ, ಎತ್ತರ, ವೇಗದ ಅಂಕಿಗಳು, ಒಂದರಲ್ಲಿ ಬೇರೆ ಬೇರೆ ಕಡೆಯ ಅಧಿಕಾರಿಗಳ ಚಾಟ್ ಸಂದೇಶ. ಕಿವಿಯಲ್ಲಿ ರೇಡಿಯೋ. ಮಧ್ಯದಲ್ಲಿ ಡ್ರೋನ್ ಕ್ಯಾಮೆರಾ ಕಳಿಸುವ ಚಿತ್ರ. ಸ್ಟ್ರಾ ಒಳಗಿಂದ ಇಣುಕಿ ನೋಡಿದ ಹಾಗೆ ಅಂತ ಅವರೇ ಹೇಳುತ್ತಾರೆ. ಒಂದು ಮನೆಯ ಅಂಗಳ ಚೆನ್ನಾಗಿ ಕಾಣುತ್ತದೆ, ಪಕ್ಕದ ಬೀದಿಯಲ್ಲಿ ಯಾರು ಬಂದರೂ ಗೊತ್ತಾಗುವುದಿಲ್ಲ.

ವಿಮಾನ ಹಾರಿಸುವ ಖುಷಿಯಾದರೂ ಇದೆಯಾ ಅಂದರೆ ಅದೂ ಇಲ್ಲ. ನೆವಾಡಾದಲ್ಲಿ ಕೋಲು ತಿರುಗಿಸಿದರೆ ಆ ಆದೇಶ ಸಮುದ್ರದಡಿಯ ಕೇಬಲ್‌ನಲ್ಲಿ ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಗೆ ಹೋಗಿ, ಅಲ್ಲಿಂದ ಉಪಗ್ರಹಕ್ಕೆ ಏರಿ, ಆಮೇಲೆ ಡ್ರೋನ್ ಮುಟ್ಟಬೇಕು. ಚಿತ್ರವೂ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ನೆಲ ಹತ್ತಿರ ಇರುವಾಗ ಅಷ್ಟು ತಡವಾದರೆ ವಿಮಾನ ಪುಡಿಪುಡಿ. ಅದಕ್ಕೇ ಆ ಯುದ್ಧಗಳ ಕಾಲದಲ್ಲಿ ಏರಿಸುವುದು, ಇಳಿಸುವುದು ಎರಡನ್ನೂ ಯುದ್ಧಭೂಮಿಯ ಹತ್ತಿರದ ನೆಲೆಯಲ್ಲಿದ್ದ ಬೇರೆ ತಂಡ ಮಾಡುತ್ತಿತ್ತು. ಮೇಲೆ ಹೋದ ಮೇಲೆ ಇವರ ಕೈಗೆ ಸಿಗುತ್ತಿತ್ತು. ಶುರುವಿನ ವರ್ಷಗಳಲ್ಲಿ ಫೈಟರ್, ಬಾಂಬರ್, ಸಾಗಣೆ ವಿಮಾನ ಹಾರಿಸುತ್ತಿದ್ದ ಪೈಲಟ್‌ಗಳನ್ನೇ ಇಲ್ಲಿಗೆ ಹಾಕಿದರು. ಆಕಾಶದಲ್ಲಿದ್ದವರನ್ನು ತಂದು ಡಬ್ಬಿಯಲ್ಲಿ ಕೂರಿಸಿದರೆ ಹೇಗಿರುತ್ತದೆ, ನೀವೇ ಯೋಚಿಸಿ. ಮೊದಮೊದಲು ಇದು ಕೆಲವು ವರ್ಷದ ಡ್ಯೂಟಿ, ಆಮೇಲೆ ವಾಪಸ್ ಅನ್ನುವ ನಂಬಿಕೆ ಇತ್ತು. ಯುದ್ಧ ಲಂಬಿಸಿತು, ಡ್ರೋನ್‌ಗೆ ಬೇಡಿಕೆ ಏರಿತು, ಎಷ್ಟೋ ಜನರಿಗೆ ವಾಪಸ್ ಹೋಗುವ ದಾರಿಯೇ ಮುಚ್ಚಿತು.

ಇನ್ನು ಕೆಲಸದ ಹೊತ್ತು. 2015ರ ಜನವರಿಯಲ್ಲಿ ಅಮೆರಿಕದ ವಾಯುಪಡೆಯ ಆಗಿನ ಕಾರ್ಯದರ್ಶಿ ಡೆಬೊರಾ ಲೀ ಜೇಮ್ಸ್ ಎಲ್ಲರೆದುರು ಒಪ್ಪಿಕೊಂಡ ಲೆಕ್ಕ ಹೀಗಿದೆ. ಮಾಮೂಲಿ ವಿಮಾನದ ಪೈಲಟ್ ವರ್ಷಕ್ಕೆ ಹಾರುವುದು 200ರಿಂದ 300 ಗಂಟೆ. ಡ್ರೋನ್ ಪೈಲಟ್ 900ರಿಂದ 1,100 ಗಂಟೆ. ಸತತ ಆರು ದಿನ ಡ್ಯೂಟಿ, ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ. ಅದರಲ್ಲೂ ಪಾಳಿ ಬದಲಾಗುತ್ತಲೇ ಇರುತ್ತದೆ. ಅಫ್ಘಾನಿಸ್ತಾನದಲ್ಲಿ ಬೆಳಕು ಹರಿಯುವಾಗ ನೆವಾಡಾದಲ್ಲಿ ಸಂಜೆ. ಅಲ್ಲಿ ಯುದ್ಧ ನಡೆಯುತ್ತಿದ್ದಾಗ ಅಲ್ಲಿನ ಹಗಲನ್ನು ಕಾಯಬೇಕಾದರೆ ನೆವಾಡಾದಲ್ಲಿ ರಾತ್ರಿಯೆಲ್ಲ ಎದ್ದಿರಬೇಕಿತ್ತು. ರಾತ್ರಿ ಪಾಳಿಗೆ ಮೈ ಒಗ್ಗಿತು ಅನ್ನುವಷ್ಟರಲ್ಲಿ ಮತ್ತೆ ಹಗಲು ಪಾಳಿ. ಮಿಲ್ಲಿನಲ್ಲೋ ಆಸ್ಪತ್ರೆಯಲ್ಲೋ ಇಂಥ ಡ್ಯೂಟಿ ಮಾಡಿದವರು ನಿಮ್ಮ ಊರಲ್ಲೂ ಇರುತ್ತಾರೆ. ಕೇಳಿ ನೋಡಿ.

ಇಷ್ಟು ಗಂಟೆ ಏನು ಮಾಡುತ್ತಾರೆ? ಜಾಸ್ತಿ ಹೊತ್ತು ಏನೂ ಇಲ್ಲ. ನೋಡುತ್ತಾರೆ, ಅಷ್ಟೇ. ಒಂದು ಮಣ್ಣಿನ ಗೋಡೆಯ ಮನೆ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಬಂದು ಹೋಗುತ್ತಾರೆ, ಯಾವ ಗಾಡಿ ನಿಂತಿದೆ, ಮಕ್ಕಳು ಎಲ್ಲಿ ಆಡುತ್ತಾರೆ. ಒಂದೇ ಮನೆಯನ್ನು ದಿನಗಟ್ಟಲೆ, ವಾರಗಟ್ಟಲೆ ನೋಡುವುದುಂಟು. ಸೆಂಟ್ರಿ ಡ್ಯೂಟಿಯಲ್ಲಿ ಏನೂ ಆಗದ ರಾತ್ರಿಯೇ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ನಿಮಗೆ ಚಳಿಯಾದರೂ ಎಚ್ಚರ ಇಡುತ್ತಿತ್ತು. ಇಲ್ಲಿ ಮಬ್ಬು ಬೆಳಕು, ಮೆತ್ತನೆ ಕುರ್ಚಿ, ಯಂತ್ರಗಳ ಗುಂಯ್ ಸದ್ದು. ಕಣ್ಣು ಮುಚ್ಚುವ ಹಾಗಿಲ್ಲ.

ಆ ನಡುವೆ ಯಾವುದೋ ಒಂದು ದಿನ ಆದೇಶ ಬರುತ್ತದೆ. ಪೈಲಟ್ ಕ್ಷಿಪಣಿ ಬಿಡುತ್ತಾನೆ. ಅದು ತಾಗುವವರೆಗೆ ಸೆನ್ಸರ್ ಆಪರೇಟರ್ ಲೇಸರ್ ಅಲುಗಿಸದೆ ಹಿಡಿದಿರಬೇಕು. ಫೈಟರ್ ವಿಮಾನವಾದರೆ ಬಾಂಬ್ ಹಾಕಿ ಮುಂದೆ ಹೋಗಿಬಿಡುತ್ತದೆ. ಡ್ರೋನ್ ಅಲ್ಲೇ ಸುತ್ತುತ್ತದೆ. ಹೊಗೆ ಕರಗಿದ ಮೇಲೆ ಎಷ್ಟು ಜನ ಬಿದ್ದಿದ್ದಾರೆ ಅಂತ ಎಣಿಸುವುದೂ ಇವರದೇ ಕೆಲಸ. ರಾತ್ರಿ ಕ್ಯಾಮೆರಾದಲ್ಲಿ ಮೈಯ ಬಿಸಿ ಬೆಳ್ಳಗೆ ಕಾಣುವಂತೆ ಇಟ್ಟುಕೊಂಡಿರುತ್ತಾರೆ. ಹೆಣ ತಣ್ಣಗಾಗುತ್ತಾ ನೆಲದ ಬಣ್ಣಕ್ಕೆ ತಿರುಗುವುದನ್ನೂ ನೋಡಬೇಕಾಗುತ್ತದೆ. ನಂತರ ಪಾಳಿ ಮುಗಿಯುತ್ತದೆ. ಕಾರು ಹತ್ತಿ ಒಂದು ಗಂಟೆ ಓಡಿಸಿದರೆ ಮನೆ. ಹಾಲು ತರಬೇಕು, ಮಗುವಿನ ಹೋಂವರ್ಕ್ ನೋಡಬೇಕು. ಇವತ್ತು ಏನು ಮಾಡಿದೆ ಅಂತ ಹೆಂಡತಿ ಕೇಳಿದರೆ ಹೇಳುವಂತಿಲ್ಲ, ಕೆಲಸ ರಹಸ್ಯ.

ನೀವು ಇದನ್ನು ಸುಖ ಅಂದಿರಿ. ಸುಖ ಇದೆ, ಇಲ್ಲ ಅನ್ನುವುದಿಲ್ಲ. ಮಗುವಿನ ಮುಖ ನೋಡದೆ ವರ್ಷ ಕಳೆದವರಿಗೆ ಅದು ದೊಡ್ಡ ಸುಖವೇ. ಆದರೆ ದ್ರಾಸ್‌ಗೆ ಹೋದಾಗ ನಿಮ್ಮ ಮನೆಯವರಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು, ನೀವು ಯುದ್ಧಕ್ಕೆ ಹೋಗಿದ್ದೀರಿ ಅಂತ. ಪಕ್ಕದಲ್ಲಿ ನಿಮ್ಮ ಪಲ್ಟನ್ ಇತ್ತು. ಅವಧಿ ಮುಗಿದ ಮೇಲೆ ಕೆಳಗಿಳಿದಿರಿ, ರಜೆ ಸಿಕ್ಕಿತು. ಈ ಜನಕ್ಕೆ ಯುದ್ಧದಿಂದ ವಾಪಸ್ ಬರುವುದು ಅನ್ನುವುದೇ ಇಲ್ಲ. ಪ್ರತಿದಿನ ಹೋಗುತ್ತಾರೆ, ಪ್ರತಿದಿನ ಬರುತ್ತಾರೆ. ವರ್ಷಗಟ್ಟಲೆ.

ಈಗ ಒಂದು ಮುಖ್ಯ ಮಾತು. ಇವರ ಬಗ್ಗೆ ಬರೆಯುವವರೆಲ್ಲ ಕೊಂದ ಪಾಪ ಕಾಡುತ್ತದೆ ಅನ್ನುವ ಒಂದೇ ಕಥೆ ಹೇಳುತ್ತಾರೆ. ಅದು ಕೆಲವರ ಮಟ್ಟಿಗೆ ನಿಜ, ಅವರ ನೋವು ದೊಡ್ಡದು. ಆದರೆ ಅಮೆರಿಕದ ವಾಯುಪಡೆ 2011ರಲ್ಲಿ ತನ್ನ ಸಿಬ್ಬಂದಿಯನ್ನೇ ಕೇಳಿ ನೋಡಿದಾಗ ಪ್ರಿಡೇಟರ್, ರೀಪರ್ ಪೈಲಟ್‌ಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಜನ ವಿಪರೀತ ಒತ್ತಡ ಇದೆ ಅಂದರು. ಗ್ಲೋಬಲ್ ಹಾಕ್ ಅನ್ನುವ ಇನ್ನೊಂದು ಡ್ರೋನಿನ ಸೆನ್ಸರ್ ಆಪರೇಟರ್‌ಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನ ಅದನ್ನೇ ಹೇಳಿದರು. ಗ್ಲೋಬಲ್ ಹಾಕ್‌ನಲ್ಲಿ ಕ್ಷಿಪಣಿಯೇ ಇಲ್ಲ ಸಾಹೇಬರೇ. ಅದು ಬರೀ ಚಿತ್ರ ತೆಗೆಯುವ ವಿಮಾನ. ಕಾರಣ ಕೇಳಿದರೆ ಅವರು ಹೇಳಿದ್ದು ಉದ್ದುದ್ದ ಡ್ಯೂಟಿ, ಬದಲಾಗುವ ಪಾಳಿ, ಜನ ಸಾಲದು ಅನ್ನುವ ಮಾತು. ನಿದ್ದೆ ಕೆಟ್ಟವರ ದೂರು ಅದು.

ಜನ ಸಾಲದ್ದು ಎಷ್ಟರಮಟ್ಟಿಗೆ ಅಂದರೆ, 2015ರ ಹೊತ್ತಿಗೆ ವರ್ಷಕ್ಕೆ 180 ಹೊಸ ಪೈಲಟ್‌ಗಳು ತಯಾರಾಗುತ್ತಿದ್ದರೆ 240 ಜನ ಬಿಟ್ಟು ಹೋಗುತ್ತಿದ್ದರು. ಇದ್ದವರ ಮೇಲೆ ಭಾರ ಬಿತ್ತು, ಅದನ್ನು ತಾಳದೆ ಇನ್ನಷ್ಟು ಜನ ಬಿಟ್ಟರು. ತರಬೇತಿ ಕೊಡುವವರನ್ನೂ ಯುದ್ಧದ ಪಾಳಿಗೆ ಎಳೆದ ಮೇಲೆ ಹೊಸಬರಿಗೆ ಕಲಿಸುವುದು ಯಾರು? ಇಪ್ಪತ್ನಾಲ್ಕು ಗಂಟೆಯ ಕಾವಲು ಹಾರಾಟಗಳನ್ನು ಆ ವರ್ಷ 65ರಿಂದ 60ಕ್ಕೆ ಇಳಿಸಬೇಕಾಯಿತು. ಉಳಿದವರಿಗೆ ಬೋನಸ್ ಅಂತ ವರ್ಷಕ್ಕೆ 35,000 ಡಾಲರ್‌ವರೆಗೂ ಆಸೆ ತೋರಿಸಿದರು. ಬಡ್ತಿಯಲ್ಲೂ ಇವರು ಹಿಂದೆ ಬೀಳುತ್ತಿದ್ದರು ಅಂತ ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆಯೇ ಹೇಳಿದೆ. ಕೋರ್ಸಿಗೆ ಹೋಗಲು ರಜೆ ಕೊಟ್ಟರೆ ತಾನೇ ಬಡ್ತಿ?

ಯಂತ್ರದ ಕಾಟ ಬೇರೆ. ಇದಕ್ಕೆ ಸೈನ್ಯದ್ದಲ್ಲದ ಒಂದು ಉದಾಹರಣೆ ಕೊಡುತ್ತೇನೆ, ಆದರೆ ವಿಮಾನ ರೀಪರ್‌ನ ಜಾತಿಯದೇ. 2006ರ ಏಪ್ರಿಲ್‌ನಲ್ಲಿ ಅಮೆರಿಕದ ಗಡಿ ಕಾವಲು ಪಡೆಯ ಡ್ರೋನ್ ಒಂದು ಅರಿಜೋನಾದ ನೊಗಾಲೆಸ್ ಹತ್ತಿರ ಬಿತ್ತು. ಪೈಲಟ್‌ನ ಪರದೆ ಹಾರಾಟದ ಮಧ್ಯೆ ಸ್ತಬ್ಧವಾಗಿತ್ತು. ಪಕ್ಕದ ಕುರ್ಚಿಯ ಉಪಕರಣವೂ ಅದೇ ಥರದ್ದು, ಅದಕ್ಕೆ ನಿಯಂತ್ರಣ ಬದಲಾಯಿಸಿದ. ಎರಡೂ ಕಡೆ ಒಂದೇ ಥರದ ಲಿವರ್. ಆದರೆ ಪೈಲಟ್ ಕಡೆ ಅದು ಎಂಜಿನ್ನಿನ ಇಂಧನಕ್ಕೆ, ಕ್ಯಾಮೆರಾ ಕಡೆ ಅದೇ ಲಿವರ್ ಲೆನ್ಸಿಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದಕ್ಕೆ. ಬದಲಾಯಿಸುವ ಮೊದಲು ಎರಡನ್ನೂ ಒಂದೇ ಜಾಗಕ್ಕೆ ತರಬೇಕಿತ್ತು. ತರಲಿಲ್ಲ. ಕ್ಯಾಮೆರಾಕ್ಕೆ ಸರಿಯಿದ್ದ ಜಾಗ ಎಂಜಿನ್ನಿಗೆ ಇಂಧನ ಬಂದ್ ಅನ್ನುವ ಜಾಗ. ಎಂಜಿನ್ ನಿಂತೇ ಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹನ್ನೆರಡು ಗಂಟೆ ಎದ್ದಿದ್ದವನ ಕೈಗೆ ಇಂಥ ಲಿವರ್ ಕೊಟ್ಟು ತಪ್ಪು ಮಾಡಬೇಡ ಅಂದರೆ ಹೇಗೆ?

ಈಗ ನಿಮ್ಮ ಎರಡನೆಯ ಪ್ರಶ್ನೆ. ಸತ್ತವರ ಬಗ್ಗೆ ಬರೆಯಲಿಲ್ಲ ಯಾಕೆ ಅಂದಿರಿ. ಈ ಕೆಲಸದ ಬಗ್ಗೆ ನಾವು ಬರೆಯುವುದೇ ಅವರಿಗಾಗಿ ಅಂತ ನಾನು ನಂಬಿದ್ದೇನೆ. 2010ರ ಫೆಬ್ರುವರಿ 21ರಂದು ಅಫ್ಘಾನಿಸ್ತಾನದ ಉರುಜ್ಗಾನ್ ಪ್ರಾಂತ್ಯದಲ್ಲಿ ಮೂರು ಗಾಡಿಗಳಲ್ಲಿ ಹೊರಟಿದ್ದ ಹಳ್ಳಿಗರನ್ನು ಕ್ರೀಚ್‌ನ ಒಂದು ಪ್ರಿಡೇಟರ್ ತಂಡ ಗಂಟೆಗಟ್ಟಲೆ ಹಿಂಬಾಲಿಸಿ ನೋಡಿತು. ಚಿತ್ರವನ್ನು ಫ್ಲಾರಿಡಾದಲ್ಲಿ ಕೂತು ನೋಡುತ್ತಿದ್ದವರು ಮಕ್ಕಳಿದ್ದಾರೆ ಅಂತ ಚಾಟ್‌ನಲ್ಲಿ ಬರೆದರು. ಆ ಮಾತು ಮುಂದೆ ಹೋಗುತ್ತಾ ಹೋಗುತ್ತಾ ತೆಳುವಾಯಿತು. ಕೊನೆಗೆ ಹೆಲಿಕಾಪ್ಟರ್‌ಗಳು ಬಂದು ಹೊಡೆದವು. 23 ಜನ ಸತ್ತರು ಅಂತ ಹಳ್ಳಿಯ ಹಿರಿಯರು ಹೇಳಿದರು. ಯಾರೂ ಹೋರಾಟಗಾರರಲ್ಲ. ಡ್ರೋನ್ ತಂಡ ಕೊಟ್ಟ ಮಾಹಿತಿ ತಪ್ಪಾಗಿತ್ತು, ಕಸುಬುದಾರಿಕೆ ಇರಲಿಲ್ಲ ಅಂತ ಅಮೆರಿಕದ ಸೈನ್ಯದ ತನಿಖೆಯೇ ಬರೆಯಿತು. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಒಂದು ಬಿಳಿ ಟೊಯೋಟಾ ಕಾರನ್ನು ಎಂಟು ಗಂಟೆ ಹಿಂಬಾಲಿಸಿ ಕ್ಷಿಪಣಿ ಬಿಟ್ಟರು. ಸತ್ತ 10 ಜನರಲ್ಲಿ 7 ಮಕ್ಕಳು. ಹೊಡೆಯುವುದಕ್ಕೆ ಸುಮಾರು ಎರಡು ನಿಮಿಷ ಮೊದಲು ವಿಡಿಯೋದಲ್ಲಿ ಒಂದು ಮಗು ಕಾಣುತ್ತದೆ ಅಂತ ಆಮೇಲೆ ತನಿಖೆ ಮಾಡಿದವರು ಹೇಳಿದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಈ ಎರಡಕ್ಕೂ ದಣಿವೇ ಕಾರಣ ಅಂತ ಆ ತನಿಖೆಗಳು ಹೇಳಿಲ್ಲ, ನಾನೂ ಹೇಳುವುದಿಲ್ಲ. ಮೊದಲೇ ಶತ್ರು ಅಂತ ತೀರ್ಮಾನಿಸಿ ನೋಡಿದರೆ ನೀರಿನ ಕ್ಯಾನೂ ಬಾಂಬಿನ ಹಾಗೆ ಕಾಣುತ್ತದೆ; ತಪ್ಪು ಶುರುವಾಗುವುದು ಅಲ್ಲಿ. ಆದರೆ ಆ ಎರಡು ನಿಮಿಷದಲ್ಲಿ ಮಗು ಇದೆ, ನಿಲ್ಲಿಸಿ ಅನ್ನಬೇಕಾದ ಕಣ್ಣು ಯಾರದು? ಪರದೆಯ ಮುಂದೆ ಕೂತವರದೇ. ಆ ಕಣ್ಣಿಗೆ ನಿದ್ದೆ ಆಗಿದೆಯಾ, ಮೇಲಿನವರ ಮಾತಿಗೆ ಎದುರು ಹೇಳುವ ಚೈತನ್ಯ ಉಳಿದಿದೆಯಾ ಅನ್ನುವುದು ಆ ಅಂಗಳದಲ್ಲಿದ್ದ ಮಗುವಿನ ಪ್ರಶ್ನೆಯೂ ಹೌದು. ಲಾರಿ ಡ್ರೈವರ್ ನಿದ್ದೆಗೆಟ್ಟಿದ್ದಾನೆ ಅಂತ ಬರೆದರೆ ಅದು ರಸ್ತೆಯಲ್ಲಿ ನಡೆಯುವವರ ಪರವಾಗಿ ಬರೆದದ್ದೇ ಅಲ್ವಾ?

ಮೊಮ್ಮಗನ ವಿಷಯ. ಇದು ನಮಗೆ ದೂರದ ಸಂಗತಿ ಅಲ್ಲ ಅನ್ನುವುದು ನಿಮ್ಮ ತಾಲೂಕಿನವರಿಗೇ ಚೆನ್ನಾಗಿ ಗೊತ್ತು. 2023ರ ಆಗಸ್ಟ್‌ನಲ್ಲಿ ವದ್ದೀಕೆರೆಯ ಹೊಲದಲ್ಲಿ ಬಿದ್ದ ತಪಸ್ ಡ್ರೋನ್ ನಮ್ಮದೇ ಡಿಆರ್‌ಡಿಒ ಅಡಿಯ, ಬೆಂಗಳೂರಿನ ಎಡಿಇ ಅನ್ನುವ ರಕ್ಷಣಾ ಸಂಶೋಧನಾ ಸಂಸ್ಥೆಯದು. 2024ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್‌ಗಳಿಗೆ ಒಪ್ಪಂದ ಮಾಡಿಕೊಂಡಿದೆ. ನೌಕಾಪಡೆಗೆ 15, ಸೇನೆಗೆ ಮತ್ತು ವಾಯುಪಡೆಗೆ ತಲಾ 8. ರೀಪರ್‌ನ ಮುಂದಿನ ತಲೆಮಾರು ಅದು. ವಾಯುಪಡೆ 2022ರಲ್ಲಿ ಶಸ್ತ್ರ ವ್ಯವಸ್ಥೆಗಳ ಹೊಸ ಶಾಖೆಯನ್ನೇ ಘೋಷಿಸಿತು, ಅದರಲ್ಲಿ ದೂರದಿಂದ ವಿಮಾನ ನಡೆಸುವವರದೂ ಒಂದು ವಿಭಾಗ.

ಹುಡುಗನಿಗೆ ಬೇಡ ಅನ್ನಬೇಡಿ. ಹೋಗಲಿ. ವಿಡಿಯೋ ಗೇಮ್ ಚೆನ್ನಾಗಿ ಆಡ್ತೀನಿ ಅನ್ನುವ ಕಾರಣಕ್ಕೆ ಹೊರಟಿದ್ದರೆ ಮಾತ್ರ ಕೂರಿಸಿಕೊಂಡು ಮಾತಾಡಿ. ಗಂಟೆಗಟ್ಟಲೆ ಒಂದೇ ಕಡೆ ನೋಡುತ್ತಾ ಎಚ್ಚರ ಇರುವುದು ಹೇಗೆ, ಪಕ್ಕದವನು ಹೌದು ಅಂದಾಗ ನನಗೆ ಹಾಗೆ ಕಾಣುತ್ತಿಲ್ಲ ಅನ್ನುವುದು ಹೇಗೆ, ಇದನ್ನು ನಿಮಗಿಂತ ಚೆನ್ನಾಗಿ ಹೇಳಿಕೊಡುವವರು ಅವನಿಗೆ ಸಿಗುವುದಿಲ್ಲ. ಸೇರುವ ಮುಂಚೆ ಆ ಶಾಖೆಯಲ್ಲಿ ಈಗಾಗಲೇ ಇರುವ ಯಾರನ್ನಾದರೂ ಹುಡುಕಿ ಮಾತಾಡಲಿ. ಸಂಬಳ ಕೇಳುವ ಮೊದಲು ಒಂದು ಪಾಳಿ ಎಷ್ಟು ಗಂಟೆ, ರಾತ್ರಿ ಪಾಳಿ ಎಷ್ಟು ವಾರಕ್ಕೆ ಬದಲಾಗುತ್ತದೆ, ಒಂದು ಕುರ್ಚಿಗೆ ಎಷ್ಟು ಜನ ಇದ್ದಾರೆ ಅಂತ ಕೇಳಲಿ. ಅವನು ಏನು ತೀರ್ಮಾನ ಮಾಡಿದ ಅಂತ ನಮಗೊಂದು ಕಾಗದ ಬರೆಯಿರಿ.

ಸಂಪಾದಕ